ಅಪ್ಪ ಕೇಳಿದ ಪ್ರಶ್ನೆಗೆ ಸಿಂಗಪುರದಿಂದ

ಸಿಂಗಪುರ
6 ಜುಲೈ 2025

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಸಾಗರದಲ್ಲಿ ಮಳೆ ಬಿಡುವು ಕೊಡುತ್ತಿಲ್ಲ ಎಂದು ಅಮ್ಮ ಹೇಳಿದಳು. ಕೊಳೆ ಬರುವ ಮುಂಚೆ ತೋಟಕ್ಕೆ ಮದ್ದು ಹೊಡೆಯಲು ಜನ ಸಿಕ್ಕರೇ?

ಹೋದ ವಾರ ನೀವು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಿರಿ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಒಪ್ಪಿಕೊಂಡ ಸಿಂಗಪುರದ ಸರ್ಕಾರ, ಅವರ ಮದುವೆ ಮಾತ್ರ ಬೇಡ ಎನ್ನುವುದೇಕೆ ಎಂದು. ಅಮ್ಮ ಪಕ್ಕಕ್ಕೆ ಬಂದದ್ದೇ ನೀವು ಅಡಿಕೆ ದರಕ್ಕೆ ಮಾತು ತಿರುಗಿಸಿದಿರಿ. ಮೂವತ್ತು ವರ್ಷ ಕೋರ್ಟಿನಲ್ಲಿ ಕಡತ ನೋಡಿದ ಶಿರಸ್ತೇದಾರರಿಗೆ ಬಾಯಿಮಾತಿನ ಉತ್ತರ ಸಾಲದು, ಆದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿಯ ದಂಡ ಸಂಹಿತೆ ನಿಮಗೆ ಹೊಸದಲ್ಲ. ನಮ್ಮ ಐಪಿಸಿಯನ್ನೇ ಬ್ರಿಟಿಷರು 1870ರ ದಶಕದಲ್ಲಿ ಇಲ್ಲಿಗೂ ತಂದರು. ಸಲಿಂಗ ಸಂಬಂಧಕ್ಕೂ ಶಿಕ್ಷೆ ವಿಧಿಸುತ್ತಿದ್ದ ಅದರ 377ನೇ ಕಲಮಿನ ಪಕ್ಕದಲ್ಲಿ 1938ರಲ್ಲಿ 377ಎ ಎಂದು ಇನ್ನೊಂದನ್ನು ಸೇರಿಸಿದರು. ಅದು ಗಂಡಸರ ನಡುವಿನ ಸಂಬಂಧಕ್ಕೆ ಮಾತ್ರ, ಎರಡು ವರ್ಷದವರೆಗೆ ಸಜೆ. ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು 377ರ ಹಲ್ಲು ಕಿತ್ತಿತು. ಇಲ್ಲಿ ಆ ಕೆಲಸವನ್ನು ಸಂಸತ್ತೇ ಮಾಡಿತು, 2022ರ ನವೆಂಬರ್ 29ರಂದು. ಆದರೆ ಅದೇ ದಿನ ಇನ್ನೊಂದು ಮಸೂದೆಯೂ ಪಾಸಾಯಿತು. ಸಂವಿಧಾನಕ್ಕೆ 156ನೇ ವಿಧಿ ಸೇರಿತು. ಮದುವೆ ಎಂದರೆ ಗಂಡು ಹೆಣ್ಣಿನದು ಎಂದು ಆ ವಿಧಿಯಲ್ಲಿ ಬರೆದಿಲ್ಲ. ಹಾಗೆ ಹೇಳುವ ಕಾನೂನನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಕೋರ್ಟು ರದ್ದು ಮಾಡುವಂತಿಲ್ಲ ಎಂದಷ್ಟೇ ಬರೆದಿದೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ದಾವೆ ಹೂಡುವ ಮುಂಚೆಯೇ ಕೇವಿಯಟ್ ಹಾಕಿಟ್ಟಿದ್ದಾರೆ.

ಏಕೆ ಎಂದು ಆಗ ಪ್ರಧಾನಿಯಾಗಿದ್ದ ಲೀ ಸಿಯೆನ್ ಲೂಂಗ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮುಂದೊಂದು ದಿನ ನ್ಯಾಯಾಲಯ 377ಎಯನ್ನು ತಾನೇ ಹೊಡೆದುಹಾಕಬಹುದು, ಅದೇ ಜಾಡಿನಲ್ಲಿ ಮದುವೆಯ ಕಾನೂನಿಗೂ ಕೈ ಹಾಕಬಹುದು ಎಂಬ ಅಂಜಿಕೆ. ತೈವಾನ್ ಕಣ್ಣ ಮುಂದಿತ್ತಲ್ಲ. ಅಲ್ಲಿ 2017ರಲ್ಲಿ ಕೋರ್ಟು ಎರಡು ವರ್ಷದ ಗಡುವು ಕೊಟ್ಟಿತು, 2018ರ ಜನಮತಗಣನೆಯಲ್ಲಿ ಜನ ಬೇಡ ಎಂದರು, 2019ರಲ್ಲಿ ಆದರೂ ಕಾನೂನು ಬಂತು. ಇಲ್ಲಿಯವರಿಗೆ ಅಂಥ ಎಳೆದಾಟವೆಂದರೆ ಆಗದು. ಚರ್ಚುಗಳೂ ಮುಸ್ಲಿಂ ಸಂಘಟನೆಗಳೂ ಮದುವೆಯ ವಿಷಯದಲ್ಲಿ ಗಟ್ಟಿಯಾಗಿ ನಿಂತಿದ್ದವು. 1964ರ ಕೋಮುಗಲಭೆಯನ್ನು ಇನ್ನೂ ಪಾಠ ಹೇಳುವ ದೇಶ ಇದು. ಯಾವ ಮತದವರನ್ನೂ ಕೆಣಕಲು ಸರ್ಕಾರ ಹೆದರುತ್ತದೆ.

ಆದರೆ ನನ್ನ ಲೆಕ್ಕದಲ್ಲಿ ದೇವರಿಗಿಂತ ದೊಡ್ಡ ಕಾರಣ ಮನೆ. ಇಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲಿದ್ದಾರೆ. ಮದುವೆಯಾದವರಿಗೆ, ಆಗಲಿರುವವರಿಗೆ ಇಪ್ಪತ್ತೊಂದಕ್ಕೇ ಅರ್ಜಿ ಹಾಕುವ ಅವಕಾಶ. ಒಂಟಿಯಾದವರು ಮೂವತ್ತೈದು ತುಂಬುವವರೆಗೆ ಕಾಯಬೇಕು. ಹುಡುಗ ಹುಡುಗಿಯನ್ನು "ಮದುವೆಯಾಗುತ್ತೀಯಾ" ಎಂದು ಕೇಳುವುದಿಲ್ಲ, "ಫ್ಲ್ಯಾಟಿಗೆ ಅರ್ಜಿ ಹಾಕೋಣವೇ" ಎಂದು ಕೇಳುತ್ತಾನೆ ಎಂಬುದು ಇಲ್ಲಿಯ ಹಳೆಯ ತಮಾಷೆ. ದತ್ತು, ಶಾಲೆಯ ಪಾಠ, ಸಿನಿಮಾಕ್ಕೆ ಕೊಡುವ ಪ್ರಮಾಣಪತ್ರ, ಇವೆಲ್ಲ ಮದುವೆಯ ಆ ಒಂದು ವ್ಯಾಖ್ಯೆಯ ಮೇಲೇ ನಿಂತಿವೆ ಎಂದು ಲೀ ಅವರೇ ಹೇಳಿದ್ದರು. ಒಂದು ಇಟ್ಟಿಗೆ ತೆಗೆದರೆ ಗೋಡೆಯೇ ಅಲುಗುತ್ತದೆ ಎಂಬ ಭಯ ಕಚೇರಿಯವರದು.

ನನ್ನ ಪಕ್ಕದ ಮೇಜಿನ, ಇಲ್ಲಿಯವಳೇ ಆದ ಚೀನೀ ಹುಡುಗಿಯ ಬಗ್ಗೆ ಹಿಂದೊಮ್ಮೆ ಬರೆದಿದ್ದೆ, ನಮ್ಮ ಉಪ್ಪಿನಕಾಯಿ ಬಾಟಲಿ ಖಾಲಿ ಮಾಡಿದವಳು. "ಅವಳ ರೂಮಿನಲ್ಲಿರುವವಳು" ಎಂದು ನಾನು ಬರೆದದ್ದು ಅವಳ ಸಂಗಾತಿಯನ್ನು. ಒಂಬತ್ತು ವರ್ಷದಿಂದ ಜೊತೆಗಿದ್ದಾರೆ. ಹೋದ ವರ್ಷ ಆ ಸಂಗಾತಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ, ಆಸ್ಪತ್ರೆಯ ಫಾರಮಿನಲ್ಲಿ ಸಂಬಂಧ ಎಂಬಲ್ಲಿ ಇವಳು ಪೆನ್ನು ಹಿಡಿದು ಬಹಳ ಹೊತ್ತು ನಿಂತಿದ್ದಳಂತೆ. ಕೊನೆಗೆ "ಸ್ನೇಹಿತೆ" ಎಂದು ಬರೆದಳು.

ಕಳೆದ ತಿಂಗಳ ಕೊನೆಯ ಶನಿವಾರ ಹಾಂಗ್ ಲಿಮ್ ಉದ್ಯಾನದಲ್ಲಿ ಇವರಂಥವರ ವಾರ್ಷಿಕ ಸಭೆ ಇತ್ತು, ಪಿಂಕ್ ಡಾಟ್ ಎಂದು ಹೆಸರು. 2017ರಿಂದ ವಿದೇಶಿಯರು ಅದರಲ್ಲಿ ಸೇರುವಂತಿಲ್ಲ. ಅವಳನ್ನು ಮೆಟ್ರೊ ನಿಲ್ದಾಣದವರೆಗೆ ಬಿಟ್ಟು, ನಾನು ಟೆಕ್ಕಾ ಮಾರ್ಕೆಟ್ಟಿಗೆ ಹೋಗಿ ಕರಿಬೇವು ತಂದೆ.

ನಮ್ಮ ದೆಹಲಿಯವರ ವಾದವೂ ಬಹುಪಾಲು ಇದೇ ಎಂಬುದು ನಿಮಗೆ ಗೊತ್ತು. 2023ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಗಂಡ, ಹೆಂಡತಿ, ಮಕ್ಕಳು, ಇದೇ ಭಾರತೀಯ ಕುಟುಂಬ ಎಂದಿತು. ಇದು ನಗರದ ಗಣ್ಯರ ಆಸೆ, ತೀರ್ಮಾನಿಸಬೇಕಾದದ್ದು ಸಂಸತ್ತು ಎಂದೂ ಹೇಳಿತು. ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ಸಂಸತ್ತೇ ತೀರ್ಮಾನಿಸಲಿ ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ, ಅಪ್ಪ. ಆದರೆ ಸಂಸತ್ತು ಅದನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಇಲ್ಲಿಯ ಈಗಿನ ಪ್ರಧಾನಿ ಲಾರೆನ್ಸ್ ವಾಂಗ್ ಕೂಡ ತಮ್ಮ ಅವಧಿಯಲ್ಲಿ ಮದುವೆಯ ವ್ಯಾಖ್ಯೆ ಬದಲಾಗದು ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ತಾರೀಖೇ ಕೊಡದ ಕೇಸಿಗೆ ನಿಮ್ಮ ಕೋರ್ಟಿನಲ್ಲಿ ಏನೆನ್ನುತ್ತಿದ್ದಿರಿ?

ಮುಂದಿನ ಮಾರ್ಚಿಗೆ ಅವಳಿಗೆ ಮೂವತ್ತೈದು ತುಂಬುತ್ತದೆ. ಸಂಗಾತಿಗೆ ಆಗಲೇ ಮೂವತ್ತೇಳು. ಇಬ್ಬರು ಒಂಟಿಗಳು ಎಂಬ ಲೆಕ್ಕದಲ್ಲಿ ಜೊತೆಯಾಗಿ ಫ್ಲ್ಯಾಟು ಕೊಳ್ಳಬಹುದು, ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ. ನಮ್ಮ ಗೃಹಪ್ರವೇಶದ ಫೋಟೊ ನೋಡಿದ ಮೇಲೆ ತಾನೂ ಹಾಲುಕ್ಕಿಸಬೇಕು ಎಂದು ಹಟ ಹಿಡಿದಿದ್ದಾಳೆ. ಅವಳ ಹೆಸರಿಗೆ ಒಳ್ಳೆಯ ದಿನ ನೋಡಿಕೊಡಲು ನಮ್ಮ ಪುರೋಹಿತರು ಒಪ್ಪುತ್ತಾರೋ ಇಲ್ಲವೋ, ಅಮ್ಮನನ್ನೇ ಕೇಳಿ ತಿಳಿಸಿ. ಕೇಳುವಾಗ ದನಿ ತಗ್ಗಿಸಬೇಡಿ.

ಇಂತಿ ನಿಮ್ಮ ಮಗಳು