ಚರಿತ್ರೆಯ ಧಾರಾವಾಹಿಗಳಲ್ಲಿ ಮಳೆಯೇ ಬೀಳುವುದಿಲ್ಲ

ಮಾನ್ಯರೇ,

ಮಲೆನಾಡಿನ ಮನೆಗಳಲ್ಲಿ ಇವತ್ತಿಗೂ ಅಜ್ಜಿ, ಮಗ, ಮೊಮ್ಮಗಳು ಮೂವರೂ ಒಂದೇ ಹೊತ್ತಿಗೆ ಟಿ.ವಿ. ಮುಂದೆ ಕೂರುವುದಿದ್ದರೆ ಅದು ಪೌರಾಣಿಕ ಅಥವಾ ಐತಿಹಾಸಿಕ ಧಾರಾವಾಹಿಗೆ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಹಿಂದಿಯ ಗಂಧಗಾಳಿ ಇಲ್ಲದವರೂ ಭಾನುವಾರ ಬೆಳಿಗ್ಗೆ ಕೆಲಸ ಬದಿಗಿಟ್ಟು ನೋಡಿದರು. 2020ರ ಲಾಕ್‌ಡೌನ್ ವೇಳೆ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂದಾಗಲೂ ಅದೇ ಆಯಿತು. ಈ ಸೆಳೆತ ದೊಡ್ಡದು, ಒಳ್ಳೆಯದು. ಮಲೆನಾಡನ್ನು ಆಳಿದ ಕೆಳದಿ–ಬಿದನೂರಿನ ನಾಯಕ ಅರಸರ ಕಥೆಯನ್ನೂ ಧಾರಾವಾಹಿ ಮಾಡಬೇಕೆಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಮಾಡಲೇಬೇಕು. ಆದರೆ ಅದು ಈಗಿನ ಅಚ್ಚಿನಲ್ಲೇ ಬಂದರೆ ಏನೇನು ಕೆಡುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಮೇಲು.

ಇಲ್ಲಿನ ನೋಡುಗರು ಕಥೆಯ ಕೊನೆ ತಿಳಿಯಲು ಕೂತವರಲ್ಲ. ಕೌರವನ ತೊಡೆ ಮುರಿಯುತ್ತದೆಂದು ಗೊತ್ತಿದ್ದೇ ಬೆಳಗಿನ ಜಾವದವರೆಗೆ ಬಯಲಾಟ ನೋಡಿದವರು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರ ಪದ, ಚಂಡೆ–ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು, ಅಷ್ಟೇ. ಸಂಧಾನದ ಪ್ರಸಂಗದಲ್ಲಿ ಕೃಷ್ಣನ ಒಂದು ಪ್ರಶ್ನೆಗೆ ಕೌರವ ಅರ್ಧ ಗಂಟೆ ಉತ್ತರ ಕೊಟ್ಟರೂ ಕೇಳುವವರು ಕದಲುವುದಿಲ್ಲ. ಹೊಸಹಳ್ಳಿಯ ಗಮಕಿಗಳು ಕುಮಾರವ್ಯಾಸನ ಒಂದೊಂದು ಷಟ್ಪದಿಯನ್ನು ನಿಲ್ಲಿಸಿ ನಿಲ್ಲಿಸಿ ವಾಚಿಸಿದ್ದನ್ನು ಕೇಳಿ ಬೆಳೆದ ಊರು ಇದು. ಅದೇ ಸಂದರ್ಭ ಟಿ.ವಿ.ಗೆ ಬಂದರೆ ಒಂದು ಮಾತು, ಒಂದು ಗುಡುಗು, ಆಮೇಲೆ ಸಭೆಯಲ್ಲಿದ್ದ ಎಂಟು ಜನರ ಮುಖ ಒಂದಾದ ಮೇಲೊಂದು. ವಾದ ನಡೆಯಬೇಕಾದ ಹೊತ್ತನ್ನು ಬೆಚ್ಚಿಬಿದ್ದ ಕಣ್ಣುಗಳು ನುಂಗಿಹಾಕುತ್ತವೆ.

ಇದಕ್ಕೆ ಕಾರಣ ದಿನದ ಲೆಕ್ಕದಲ್ಲಿದೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು, ಶೀರ್ಷಿಕೆ ಗೀತೆ, ಹಿಂದಿನ ಸಂಚಿಕೆಯ ತುಣುಕು, ಮುಂದಿನ ಸಂಚಿಕೆಯ ತುಣುಕು ಕಳೆದರೆ ಕಥೆಗೆ ಉಳಿಯುವುದು ಸುಮಾರು 20 ನಿಮಿಷ. ವಾರಕ್ಕೆ ಐದಾರು ಸಂಚಿಕೆ ಹೋಗಬೇಕೆಂದರೆ ಹೆಚ್ಚೂಕಡಿಮೆ ದಿನಕ್ಕೊಂದು ಸಂಚಿಕೆ ಚಿತ್ರೀಕರಣ ಮುಗಿಯಲೇಬೇಕು. ಸಿನಿಮಾದವರಿಗೆ ದಿನಕ್ಕೆ ಎರಡು–ಮೂರು ನಿಮಿಷದ ದೃಶ್ಯ ಸಿಕ್ಕರೆ ಅದು ಒಳ್ಳೆಯ ದಿನ. ಈ ಓಟದಲ್ಲಿ ಹೊರಾಂಗಣಕ್ಕೆ ಹೋಗಿ ಬರುವ ಪುರುಸೊತ್ತಿಲ್ಲ. ಒಮ್ಮೆ ಕಟ್ಟಿದ ಅರಮನೆ ಸೆಟ್‌ನ ಖರ್ಚು ನೂರಾರು ಸಂಚಿಕೆಗಳಲ್ಲಿ ಹುಟ್ಟಬೇಕು, ಹಾಗಾಗಿ ರಾಜ್ಯವೆಲ್ಲ ಒಂದೇ ಒಡ್ಡೋಲಗಕ್ಕೆ ಇಳಿಯುತ್ತದೆ. ಯುದ್ಧ ಬಂದರೆ ಮೊದಲೇ ತೆಗೆದಿಟ್ಟ ಕುದುರೆ ಓಟವನ್ನೇ ಎಡಬಲ ತಿರುಗಿಸಿ ಮತ್ತೆ ಹಾಕುತ್ತಾರೆ. ಅದನ್ನು ಗುರುತಿಸುವುದು ಸುಲಭ: ಸವಾರನ ಕತ್ತಿ ಬಲಗೈಯಿಂದ ಎಡಗೈಗೆ ಬಂದಿರುತ್ತದೆ, ಸೊಂಟದ ಒರೆ ಇನ್ನೊಂದು ಮಗ್ಗುಲಿಗೆ ಹೋಗಿರುತ್ತದೆ. ದೂರದರ್ಶನದ ರಾಮಾಯಣ 78 ಕಂತಿನಲ್ಲಿ, ಮಹಾಭಾರತ 94 ಕಂತಿನಲ್ಲಿ ಮುಗಿದವು. ವಾರಕ್ಕೊಂದೇ ಕಂತು. ಅವುಗಳಲ್ಲೂ ಬಣ್ಣ ಬಳಿದ ಪರದೆ, ಹತ್ತಿ ಅಂಟಿಸಿದ ಗಡ್ಡ ಕಾಣುತ್ತಿದ್ದವು. ಆದರೆ ಮಾತು ಬರೆಯಲು ಏಳು ದಿನ ಸಿಗುತ್ತಿತ್ತು, ಅದು ಕೇಳಿದವರಿಗೆ ತಿಳಿಯುತ್ತಿತ್ತು.

ಪುರಾಣಕ್ಕೆ ಇದೆಲ್ಲ ಹೇಗೋ ಸಲ್ಲುತ್ತದೆ. ಹಸ್ತಿನಾವತಿಯ ಕಂಬ ಹೀಗೇ ಇತ್ತೆಂದು ಯಾರೂ ಹಟ ಹಿಡಿಯುವುದಿಲ್ಲ. ಕೆಳದಿ ಹಾಗಲ್ಲ. ಅದಕ್ಕೆ ಊರಿದೆ, ತಾರೀಖಿದೆ, ಕಲ್ಲಿದೆ, ಕಾಗದವಿದೆ.

ನಾಡಿನ ನೋಟದಿಂದಲೇ ಶುರು ಮಾಡೋಣ. ಮಲೆನಾಡು ಎಂದೊಡನೆ ಶರಾವತಿ ಹಿನ್ನೀರಿನ ಮೇಲೆ ಡ್ರೋನ್ ಹಾರಿಸುತ್ತಾರೆ. ಲಿಂಗನಮಕ್ಕಿ ಅಣೆಕಟ್ಟೆ ಆದದ್ದು 1964ರಲ್ಲಿ. ಕೆಳದಿಯ ಅರಸ ಶಿವಪ್ಪ ನಾಯಕನ ಕಾಲದಲ್ಲಿ ಆ ನೀರಿನಡಿ ಊರು, ಗದ್ದೆ, ತೋಟ ಇದ್ದವು. ಕುದುರೆಯ ಹಿಂದೆ ಸಾಲಾಗಿ ಕಾಣುವ ಅಕೇಶಿಯಾ, ಸಿಲ್ವರ್ ಓಕ್ ಎರಡೂ ಆಸ್ಟ್ರೇಲಿಯಾ ಕಡೆಯ ಮರಗಳು, ಲಂಟಾನ ಅಮೆರಿಕದ್ದು. 17ನೇ ಶತಮಾನದ ದೃಶ್ಯದ ಚೌಕಟ್ಟಿನೊಳಗೆ ಇವು ಬರಕೂಡದು. ಊರಿನ ಮನೆಗಳ ಮೇಲಿನ ಮಂಗಳೂರು ಹೆಂಚೂ ಹಾಗೆಯೇ: ಅದರ ಮೊದಲ ಕಾರ್ಖಾನೆ ಬಾಸೆಲ್ ಮಿಷನ್ನಿನವರದು, 1865ರದು. ಅದಕ್ಕೂ ಹಿಂದಿನ ಮಾಡಿಗೆ ಹುಲ್ಲು, ಅಡಿಕೆ ಸೋಗೆ, ಹೆಚ್ಚೆಂದರೆ ನಾಡಹೆಂಚು. ಗೋಡೆಗೆ ಮಣ್ಣು ಅಥವಾ ಜಂಬಿಟ್ಟಿಗೆ. ಬಳ್ಳಿಗಾವಿಯ ಶರಣರ ಕಾಲವನ್ನು ತೋರಿಸುವವರು ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿ ಗೊಂಚಲು ತೂಗುಹಾಕಬಾರದು. ಅದು ಪೋರ್ಚುಗೀಸರ ಹಿಂದೆ ಬಂದದ್ದು. 12ನೇ ಶತಮಾನದ ಖಾರ ನಮ್ಮ ಬಳ್ಳಿಯ ಕರಿಮೆಣಸು. ಶಿಕಾರಿಪುರದ ಕಡೆ ಚಿತ್ರೀಕರಿಸುವಾಗ ಮೆಕ್ಕೆಜೋಳದ ಹೊಲ ಬಿಟ್ಟು ಭತ್ತದ ಗದ್ದೆ ಹುಡುಕಿದರೂ ಅರ್ಧ ತಪ್ಪು ಕಳೆಯಿತು.

ಇನ್ನು ಅರಮನೆಯ ಲೆಕ್ಕಪತ್ರ. ಕರಣಿಕ ಹಕ್ಕಿಗರಿಯ ಲೇಖನಿ ಅದ್ದಿ ಸುರುಳಿ ಕಾಗದದ ಮೇಲೆ ಬರೆಯುವ ದೃಶ್ಯ ಬಹಳ ಧಾರಾವಾಹಿಗಳಲ್ಲಿದೆ. ಅದು ಯುರೋಪಿನ ರೂಢಿ. ನಮ್ಮಲ್ಲಿ ಓಲೆಗರಿಗೆ ಕಂಠವೆಂಬ ಕಬ್ಬಿಣದ ಮೊನೆ, ಲೆಕ್ಕಕ್ಕೆ ಕಡತ. ಕಡತ ಮಾಡುವುದು ಕಷ್ಟವೇನಲ್ಲ: ಅಗಲದ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿಯಬೇಕು, ಒಣಗಿಸಿ ಉಜ್ಜಿ ನಯ ಮಾಡಬೇಕು, ಮಡಿಕೆ ಮಡಿಕೆಯಾಗಿ ಮಡಚಿ ಎರಡು ತುದಿಗೆ ಹಲಗೆ ಕಟ್ಟಬೇಕು. ಕಪ್ಪು ಮೈ ಮೇಲೆ ಬಿಳಿ ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸುವುದು. ಅಂಟು ಹೆಚ್ಚಾದರೆ ಮಡಿಕೆಯಲ್ಲಿ ಬಿರಿಯುತ್ತದೆ, ಕಮ್ಮಿಯಾದರೆ ಕರಿ ಕೈಗೆ ಹತ್ತುತ್ತದೆ. ಒಂದು ಕಡತಕ್ಕೆ ತಗಲುವ ಖರ್ಚು ಫೈಬರ್ ಕಿರೀಟದ ಒಂದು ಎಸಳಿಗೂ ಸಮವಾಗದು. ನಾಣ್ಯವೂ ಹೀಗೆಯೇ. ಅರಸ ಎರಚುವ ಚಿನ್ನದ ಬಿಲ್ಲೆಗಳು ಈಗಿನ ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡವಿರುತ್ತವೆ. ಕೆಳದಿಯವರ ಚಿನ್ನದ ನಾಣ್ಯವಾದ ಇಕ್ಕೇರಿ ವರಹದ ತೂಕ ಸುಮಾರು 3.4 ಗ್ರಾಂ, ಅಡ್ಡಗಲ ಬೆರಳುಗುರಿನಷ್ಟು. ಅದನ್ನು ಎರಚುವುದಿಲ್ಲ, ಎಣಿಸಿ ಕೊಡುತ್ತಾರೆ.

ಉಡುಗೆಗೆ ಬೇರೆ ಎಲ್ಲೂ ಹುಡುಕಬೇಕಿಲ್ಲ. ಕೆಳದಿಯವರ ಹಳೆಯ ರಾಜಧಾನಿ ಇಕ್ಕೇರಿಯ ಅಘೋರೇಶ್ವರ ದೇಗುಲದ ನೆಲಹಾಸಿನ ಮೇಲೆ ಕೆಳದಿ ಅರಸರು ಅಡ್ಡಬಿದ್ದು ನಮಸ್ಕರಿಸುವ ಕೆತ್ತನೆಗಳಿವೆ. ಅರಸ ತನ್ನನ್ನು ಹೇಗೆ ತೋರಿಸಿಕೊಳ್ಳಲು ಬಯಸಿದ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ? ಆ ಊರನ್ನು 1623ರಲ್ಲಿ, ವೆಂಕಟಪ್ಪ ನಾಯಕನ ಆಳ್ವಿಕೆಯಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಕಂಡು ಬರೆದಿಟ್ಟಿದ್ದಾನೆ. ಊರ ಸುತ್ತ ಕುದುರೆ–ಕಾಲಾಳು ನುಗ್ಗದಂತೆ ಬೆಳೆಸಿದ ದಟ್ಟ ಬಿದಿರು, ಬೀದಿಯಲ್ಲಿ ಬಣ್ಣದ ಕೋಲು ಹಿಡಿದು ಸುತ್ತು ಹಾಕುವ ಹೆಣ್ಣುಮಕ್ಕಳು. ದಾರಿಯ ಒಂದೂರಿನ ಗುಡಿಯ ಜಗಲಿಯಲ್ಲಿ ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಅಂಕಿ ತೀಡುತ್ತ ರಾಗವಾಗಿ ಒಪ್ಪಿಸುವ ಹುಡುಗರು. ಒಂದು ಸಂಚಿಕೆಯ ಮೊದಲ ಐದು ನಿಮಿಷ ಸಿದ್ಧವಾಗಿಯೇ ಇದೆ.

ಎಲ್ಲಕ್ಕಿಂತ ನೋವಿನ ಲೋಪ ಕಥೆಯ ಆಯ್ಕೆಯದು. ಅರಸನೆಂದರೆ ಕತ್ತಿ, ರಾಣಿಯೆಂದರೆ ಮಲತಾಯಿ ಮತ್ಸರ, ಮಂತ್ರಿಯೆಂದರೆ ವಿಷದ ಬಟ್ಟಲು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರು ಮಲೆನಾಡಿನ ಬಾಯಲ್ಲಿ ಉಳಿದದ್ದು ‘ಶಿಸ್ತು’ ಎಂಬ ಕಂದಾಯ ಪದ್ಧತಿಯಿಂದ. ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದಂತೆ, ಭೂಮಿಯನ್ನು ಐದು ದರ್ಜೆಯಾಗಿ ವಿಂಗಡಿಸಿ, ಊರೂರಲ್ಲಿ ಮಾದರಿ ಹೊಲಗಳನ್ನು 12 ವರ್ಷ ಸರ್ಕಾರದ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಹುಟ್ಟುವಳಿ ಎಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಕಂದಾಯವಾಗಿ ಗೊತ್ತುಮಾಡಿದ. 50 ಸೇರಿನ ಖಂಡುಗಕ್ಕೆ ‘ಹಣ’ ಎಂಬ ಸಣ್ಣ ನಾಣ್ಯ ಒಂದು, ಅಂಥ ಹತ್ತು ಹಣಕ್ಕೆ ಒಂದು ವರಹ. ತೋಟ ಅಳೆಯುವ ಕೋಲಿನ ಉದ್ದ 18 ಅಡಿ 6 ಅಂಗುಲ. ಅಘೋರೇಶ್ವರ ದೇಗುಲದ ಕಲ್ಲುಮೆಟ್ಟಿಲಿನ ಉದ್ದವೇ ಅದರ ಅಳತೆ.

ಇದು ಒಣ ವಿಷಯ, ಜನ ಚಾನೆಲ್ ಬದಲಿಸುತ್ತಾರೆ ಎನ್ನುವವರಿಗೆ ಅಡಿಕೆ ಬೆಳೆಗಾರರ ಮನಸ್ಸು ಗೊತ್ತಿಲ್ಲ. ಸರ್ವೆಯವರು ಸರಪಳಿ ಹಿಡಿದು ತೋಟಕ್ಕೆ ಇಳಿದರೆ ಇವತ್ತಿಗೂ ಇಡೀ ಮನೆ ಹಿಂದೆಯೇ ನಡೆಯುತ್ತದೆ. ಕೋಲು ಒಂದು ಗೇಣು ಕಮ್ಮಿ ಹಿಡಿದರೆ ಯಾರಿಗೆ ಲಾಭ, ಜೌಗು ಗದ್ದೆಯನ್ನು ಉತ್ತಮ ದರ್ಜೆಗೆ ಬರೆದರೆ ಯಾರ ಮನೆ ಮುಳುಗುತ್ತದೆ, ಮಳೆ ಕೈಕೊಟ್ಟ ವರ್ಷವನ್ನು ಸರಾಸರಿಗೆ ಸೇರಿಸಬೇಕೋ ಬೇಡವೋ ಎಂದು ಒಕ್ಕಲಿಗ, ಶಾನುಭೋಗ, ಅರಮನೆಯ ಅಧಿಕಾರಿ ಮೂವರೂ ಕಣದಲ್ಲಿ ನಿಂತು ವಾದ ಮಾಡಲಿ. ತಾಳಮದ್ದಳೆ ಕೇಳಿದ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ.

ಚೆನ್ನಮ್ಮ ರಾಣಿಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೆಣಸಿನ ರಾಣಿಯೆಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದವಳು. ಕೆಳದಿಯ ಚೆನ್ನಮ್ಮ 1671ರಿಂದ ಸುಮಾರು 25 ವರ್ಷ ಆಳಿದವಳು. ಕಿತ್ತೂರಿನ ಚೆನ್ನಮ್ಮ ಬ್ರಿಟಿಷರ ಮೇಲೆ ನಿಂತದ್ದು 1824ರಲ್ಲಿ. ಮೂವರನ್ನೂ ಒಂದೇ ಕುದುರೆಯ ಮೇಲೆ ಕೂರಿಸಿ, ಒಬ್ಬಳ ಮಾತು ಇನ್ನೊಬ್ಬಳ ಬಾಯಿಗೆ ಹಾಕಿದರೆ ಮೂವರಿಗೂ ಅನ್ಯಾಯ. 1689ರಲ್ಲಿ ಮರಾಠಾ ಅರಸ ಸಂಭಾಜಿಯ ಹತ್ಯೆಯಾದ ಮೇಲೆ ಜಿಂಜಿಯ ಕಡೆ ಹೊರಟ ಅವನ ತಮ್ಮ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮ ಆಶ್ರಯ ಕೊಟ್ಟಳು, ಔರಂಗಜೇಬನ ಸೇನೆ ಬೆನ್ನಟ್ಟಿ ಬಂತು. ಅವಳೂ ಔರಂಗಜೇಬನೂ ಎದುರಾಬದುರು ಕತ್ತಿ ಹಿರಿಯುವ ದೃಶ್ಯ ಬರೆಯುವ ಆಸೆಯನ್ನು ಲೇಖಕರು ತಡೆದುಕೊಳ್ಳಲಿ. ಬಾಗಿಲಿಗೆ ಬಂದವನನ್ನು ಒಳಗೆ ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸಿದ ರಾತ್ರಿ ಸಾಕು, ಅದರಲ್ಲೇ ನಾಟಕವಿದೆ. ಅವಳ ದತ್ತುಮಗ ಬಸವಪ್ಪ ನಾಯಕನೇ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಅಡುಗೆ, ಸಂಗೀತ, ಕುದುರೆಗಳವರೆಗೆ ಎಲ್ಲವೂ ಇದೆ. ಕಲಾ ವಿಭಾಗದವರ ಮೇಜಿನ ಮೇಲೆ ಅದು ಇರಲೇಬೇಕು.

ಯುದ್ಧ ತೋರಿಸುವುದಾದರೆ ಮಳೆಯಲ್ಲಿ ತೋರಿಸಲಿ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಅಂಥ ಘಟ್ಟದ ಸೆರಗಿನಲ್ಲಿ ಬತ್ತಿ ಕೋವಿಯ ಬತ್ತಿ ನಂದುತ್ತದೆ, ಮದ್ದು ಹಸಿಯಾಗುತ್ತದೆ, ಜಾರುವ ಜಂಬಿಟ್ಟಿಗೆ ಏರಿನಲ್ಲಿ ಬಯಲುಸೀಮೆಯ ಕುದುರೆ ಕಾಲು ಊರುವುದಿಲ್ಲ, ಹೇರೆತ್ತಿನ ಮೇಲಿನ ಅಕ್ಕಿ ಮುಗ್ಗುತ್ತದೆ. ಕಂಬಳಿಕೊಪ್ಪೆ ಹೊದ್ದ ನಮ್ಮ ಕಡೆಯವನು ಬಿದಿರುಮೆಳೆಯ ಹಿಂದೆ ಅಲುಗದೆ ಕೂತಿರುತ್ತಾನೆ. ಕೃತಕ ಮಳೆಗೆ ಟ್ಯಾಂಕರ್ ತರಿಸಬೇಕಿಲ್ಲ; ಜುಲೈನಲ್ಲಿ ನಗರ (ಅಂದಿನ ಬಿದನೂರು), ಕವಲೇದುರ್ಗದ ಕಡೆ ಬಂದು ಕ್ಯಾಮೆರಾಕ್ಕೆ ಹೊದಿಕೆ ಹಾಕಿದರಾಯಿತು. ಬೆಳಕು ಸಂಜೆ ನಾಲ್ಕಕ್ಕೇ ಕುಂದುವುದರಿಂದ ದಿನಕ್ಕೆ ಐದಾರು ಗಂಟೆಯಷ್ಟೇ ಕೆಲಸವೆಂದು ಲೆಕ್ಕ ಹಾಕಿಕೊಳ್ಳಬೇಕು.

ಖಳನಾಯಕರ ಬಗ್ಗೆ ಒಂದೇ ಮಾತು. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು, ರಾಣಿ ವೀರಮ್ಮಾಜಿಯ ಆಳ್ವಿಕೆ ಮುಗಿಯಿತು. ಅದೇ ಹೈದರಾಲಿ ತನ್ನ ವರಹಗಳ ಮೇಲೆ ಕೆಳದಿಯವರ ಶಿವ–ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಹೇಳುವ ಧೈರ್ಯ ಲೇಖಕರಿಗೆ ಇರಬೇಕು.

ಆದ್ದರಿಂದ ವಾಹಿನಿಗಳವರಲ್ಲಿ, ನಿರ್ಮಾಪಕರಲ್ಲಿ ನಮ್ಮ ವಿನಂತಿ: ಕೆಳದಿಯ ಕಥೆಯನ್ನು ವಾರಕ್ಕೊಂದರಂತೆ 26 ಕಂತಿಗೆ ನಿಲ್ಲಿಸಿ. ಇತಿಹಾಸ ಬಲ್ಲವರನ್ನು ಚಿತ್ರಕಥೆ ಬರೆಯುವ ಮೊದಲೇ ಕೂರಿಸಿಕೊಳ್ಳಿ. ಸೆಟ್ ಕಟ್ಟಿದ ಮೇಲೆ ಕರೆದರೆ ಅವರಿಂದ ತಿದ್ದಲಾಗುವುದು ಹೆಸರುಗಳ ಕಾಗುಣಿತ ಮಾತ್ರ. ಕೆಳದಿಯ ವಸ್ತುಸಂಗ್ರಹಾಲಯದ ಓಲೆಗರಿಗಳನ್ನೂ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹವನ್ನೂ ವೇಷಭೂಷಣದವರು ಬಂದು ನೋಡಲಿ. ‘ಇದು ಕಾಲ್ಪನಿಕ’ ಎಂದು ಓದಲಾಗದ ವೇಗದಲ್ಲಿ ಸರಿಯುವ ಸಾಲಿನ ಬದಲು, ಪ್ರತಿ ಕಂತಿನ ಕೊನೆಗೆ ಅರ್ಧ ನಿಮಿಷ, ಇದರಲ್ಲಿ ಯಾವುದು ಶಾಸನದಲ್ಲಿದೆ, ಯಾವುದು ಕಾವ್ಯದಲ್ಲಿದೆ, ಯಾವುದು ನಾವು ಕಟ್ಟಿದ್ದು ಎಂದು ನಿಧಾನವಾಗಿ ಹೇಳಿಸಿ. ದೇಗುಲಗಳಲ್ಲಿ ಚಿತ್ರೀಕರಿಸಲು ಪುರಾತತ್ತ್ವ ಇಲಾಖೆಯ ಅನುಮತಿಗೆ ಮುಂಚಿತವಾಗಿ ಅರ್ಜಿ ಹಾಕಿ, ಕಂಬಕ್ಕೆ ಮೊಳೆ ಹೊಡೆಯದೆ, ದೀಪದ ಕಾವು ಕೆತ್ತನೆಗೆ ತಾಗದಂತೆ ಕೆಲಸ ಮಾಡಿ. ಮೊದಲ ದಿನದ ದೃಶ್ಯ ಇಕ್ಕೇರಿಯ ಮೆಟ್ಟಿಲ ಬಳಿ, ಆ ಅಳತೆಗೋಲನ್ನು ಕಲ್ಲಿನ ಉದ್ದಕ್ಕೆ ಇಟ್ಟು ಕತ್ತರಿಸುವ ಬಡಗಿಯದಾಗಲಿ.

— ಇತಿಹಾಸ, ರಂಗಭೂಮಿ ಆಸಕ್ತರ ಪರವಾಗಿ
ಸಾಗರ, ಶಿವಮೊಗ್ಗ ಜಿಲ್ಲೆ