ಥಿಯೇಟರಿನಲ್ಲಿ ನೋಡಿದ್ದು ಈ ಸಿನಿಮಾ ಅಲ್ಲ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಯಾವ ಆವೃತ್ತಿ ಎಂದು ತಿಳಿಸದೆ ‘ಬ್ಲೇಡ್ ರನ್ನರ್’ ಸಿನಿಮಾ ಬಾಡಿಗೆಗೆ ಕೊಟ್ಟಿರುವ ಬಗ್ಗೆ

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಆ್ಯಪಿನಲ್ಲಿ ಈ ಸಿನಿಮಾ ಬಾಡಿಗೆಗೆ ತಗೊಂಡೆ. ಹೆಸರಿನ ಪಕ್ಕ 1982 ಎಂದಿತ್ತು. ಅದು ಮೊದಲು ಬಿಡುಗಡೆಯಾದಾಗ ನಾನು ಥಿಯೇಟರಿನಲ್ಲಿ ನೋಡಿದ ಸಿನಿಮಾ. ಮಗಳಿಗೆ ತೋರಿಸಬೇಕು ಅಂತ ಎಷ್ಟೋ ದಿನದಿಂದ ಆಸೆಯಿತ್ತು.

ಶುರುವಿನಲ್ಲೇ ಮಳೆಯ ರಾತ್ರಿ. ನಾಯಕ ರಸ್ತೆ ಬದಿಯಲ್ಲಿ ಪೇಪರ್ ಓದುತ್ತಾ ಕಾಯುತ್ತಿರುತ್ತಾನೆ. “ಈಗ ಕೇಳು, ಅವನೇ ತನ್ನ ಕತೆ ಹೇಳೋಕೆ ಶುರು ಮಾಡ್ತಾನೆ” ಎಂದೆ. ದನಿ ಬರಲೇ ಇಲ್ಲ. ಸೌಂಡ್ ಜಾಸ್ತಿ ಮಾಡಿದೆ. ಆಗಲೂ ಇಲ್ಲ. “ಅಪ್ಪಾ, ನೀವು ಬೇರೆ ಯಾವುದೋ ಸಿನಿಮಾ ಜೊತೆ ಸೇರಿಸ್ಕೊಂಡಿದ್ದೀರಿ” ಅಂದಳು ಮಗಳು.

ನಡುವೆ ಒಂದು ಕೊಂಬಿನ ಬಿಳಿ ಕುದುರೆ ಓಡಿ ಬಂತು. ಅದನ್ನು ನಾನು ಯಾವತ್ತೂ ನೋಡಿದ್ದಿಲ್ಲ. ಕೊನೆಗೆ ಲಿಫ್ಟಿನ ಬಾಗಿಲು ಮುಚ್ಚಿತು, ಸಿನಿಮಾ ಮುಗಿಯಿತು. ನನಗೆ ನೆನಪಿದ್ದದ್ದು ಇಬ್ಬರೂ ಕಾರಿನಲ್ಲಿ ಊರು ಬಿಟ್ಟು ಹೋಗುವುದು, ಸುತ್ತ ಬೆಟ್ಟ, ಹಸಿರು. ಎರಡು ಗಂಟೆ ಬರೀ ಕತ್ತಲು ನೋಡಿದ ಮೇಲೆ ಆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡದ್ದು ಕೂಡ ನೆನಪಿದೆ. ಇದೆಲ್ಲ ನಾನೇ ಕಟ್ಟಿಕೊಂಡದ್ದಾ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ನಿಮ್ಮ ಗ್ರಾಹಕ ಸೇವೆಗೆ ಬರೆದೆ. ಆಡಿಯೋ ಸೆಟ್ಟಿಂಗ್ ನೋಡಿ, ಆ್ಯಪ್ ತೆಗೆದು ಮತ್ತೆ ಹಾಕಿ ಎಂದು ಉತ್ತರ ಬಂತು. ತೊಂದರೆ ಆ್ಯಪಿನದ್ದಲ್ಲ ಸ್ವಾಮಿ.

ನನ್ನ ನೆನಪು ಸರಿಯಾಗಿಯೇ ಇತ್ತು. 1992ರ ಆವೃತ್ತಿಯಲ್ಲಿ ಆ ದನಿಯನ್ನೂ ಆ ಕೊನೆಯನ್ನೂ ತೆಗೆದರು, ಕುದುರೆಯನ್ನು ಸೇರಿಸಿದರು. 2007ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ‘ಫೈನಲ್ ಕಟ್’ ಎಂಬ ತಿದ್ದಿದ ಆವೃತ್ತಿ ತಂದರು, ಅದರಲ್ಲೂ ಆ ದನಿ, ಆ ಕೊನೆ ಇಲ್ಲ. ನಿಮ್ಮಲ್ಲಿರುವುದು ಅದೇ. ಪಾರಿವಾಳ ಹಾರುವ ದೃಶ್ಯ ನೋಡಿ: ಮೊದಲು ಅಲ್ಲಿ ಹಗಲಿನ ಆಕಾಶವಿತ್ತು, ನಿಮ್ಮದರಲ್ಲಿ ಕತ್ತಲಿದೆ. ಉದ್ದ ನೋಡಿಯೂ ಗೊತ್ತಾಗುವುದಿಲ್ಲ, ಎರಡೂ ಸುಮಾರು 117 ನಿಮಿಷ.

ನಿರ್ದೇಶಕರು ತಿದ್ದಿದ್ದಕ್ಕೆ ನನ್ನ ತಕರಾರಿಲ್ಲ. ಹೊಸದು ಚೆನ್ನಾಗಿಯೇ ಇದೆ. ಆದರೆ 1982 ಎಂದು ಬರೆದು 2007ರದ್ದನ್ನು ಕೊಡುವುದು ತಪ್ಪು ಅಲ್ವಾ? ಹಳೆಯದು ಸಿಗುವುದಿಲ್ಲ ಎನ್ನುವ ಹಾಗೂ ಇಲ್ಲ. 2007ರಲ್ಲೇ ಐದು ಆವೃತ್ತಿಗಳನ್ನು ಒಟ್ಟಿಗೆ ಡಿಸ್ಕಿನಲ್ಲಿ ತಂದಿದ್ದರು. ‘ಇ.ಟಿ.’ ಸಿನಿಮಾದಲ್ಲೂ 2002ರಲ್ಲಿ ಪೊಲೀಸರ ಕೈಯಲ್ಲಿದ್ದ ಬಂದೂಕು ತೆಗೆದು ವಾಕಿಟಾಕಿ ಇಟ್ಟರು. 2012ರ ಬ್ಲೂ-ರೇಯಲ್ಲಿ ಬಂದೂಕು ವಾಪಸ್ ಬಂತು.

ದಯವಿಟ್ಟು ಪ್ರತಿ ಸಿನಿಮಾದ ಹೆಸರಿನ ಕೆಳಗೆ ಅದು ಯಾವ ಆವೃತ್ತಿ, ಯಾವ ವರ್ಷದ್ದು ಎಂದು ಬರೆಯಿರಿ. ನನ್ನ ಬಾಡಿಗೆ ಹಣ ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ, ಥಿಯೇಟರಿನಲ್ಲಿ ಬಂದ ಆವೃತ್ತಿಯನ್ನೂ ಹಾಕಿ. ಹಾಕಿದ ದಿನ ತಿಳಿಸಿ, ಮತ್ತೆ ಬಾಡಿಗೆ ಕಟ್ಟಿಯೇ ನೋಡುತ್ತೇನೆ. ಆ ಮಳೆಯಲ್ಲಿ ಅವನ ದನಿ ಬರುವುದನ್ನು ಮಗಳು ಒಮ್ಮೆ ಕೇಳಬೇಕು.

ಇತಿ,
ನಿಮ್ಮ ಹಳೆಯ ಚಂದಾದಾರ