ಕಾಣದ್ದರ ಬಗ್ಗೆ, ದಾವಣಗೆರೆಯ ಗೆಳೆಯನಿಗೆ

ಪ್ರಿಯ ಗೆಳೆಯ,

ಪುರಾವೆ ಕೇಳಲು ಮಕ್ಕಳಿಗೆ ಕಲಿಸುವ ಭೌತಶಾಸ್ತ್ರದ ಮೇಷ್ಟ್ರು ನೀನು. ಕಾಣದ್ದನ್ನು ನಂಬಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು ನಾನು. "ಅದು ಹೇಗಯ್ಯಾ ಸಾಧ್ಯ?" ಎಂದು ಬರೆದಿದ್ದೀಯ. ಬೇರೆ ಯಾರಾದರೂ ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಿನಗೆ ಹಾಗೆ ಮಾಡಲು ಮನಸ್ಸು ಬರುತ್ತಿಲ್ಲ.

ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಗಾಳಿಯ ಉದಾಹರಣೆಗೆ ಬರವಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ತೋರಿಸಿ, "ಗಾಳಿ ಕಾಣುತ್ತದೆಯೇ? ಆದರೂ ಇದೆಯಲ್ಲ, ದೇವರೂ ಹಾಗೆಯೇ" ಎನ್ನುತ್ತಾರೆ. ನನಗೆ ಈ ವಾದ ಎಂದೂ ರುಚಿಸಿಲ್ಲ. ಗಾಳಿ ಕಣ್ಣಿಗೆ ಕಾಣದಿದ್ದರೂ ಅಳತೆಗೆ ಸಿಗುತ್ತದೆ, ಅದರಿಂದ ವಿದ್ಯುತ್ತೂ ಬರುತ್ತದೆ. ನ್ಯೂಟ್ರಿನೋ ಎಂಬ ನಿನ್ನ ಕಾಣದ ಕಣದ ಕಥೆಯೂ ಅಷ್ಟೇ. 1930ರಲ್ಲಿ ಭೌತವಿಜ್ಞಾನಿ ಪೌಲಿ ಅದನ್ನು ಊಹಿಸಿದ, 1956ರಲ್ಲಿ ಪ್ರಯೋಗದಲ್ಲಿ ಅದು ಸಿಕ್ಕಿಬಿದ್ದಿತು, 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಅದರ ಗುರುತು ಸಿಕ್ಕಿತು. ಇದನ್ನು ಹಿಡಿದುಕೊಂಡು ನಾನು ವಾದಕ್ಕಿಳಿದರೆ, "ಸರಿ, ನಿನ್ನ ದೇವರನ್ನು ಹಿಡಿಯುವ ಉಪಕರಣ ಎಲ್ಲಿದೆ?" ಎಂದು ನೀನು ಕೇಳಿಯೇ ಕೇಳುತ್ತೀಯ. ಕೇಳಲೂ ಬೇಕು.

ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಸೇರಿದ ಕ್ರೈಸ್ತ ಬಿಷಪ್ಪರು ಈ ವಿಷಯದಲ್ಲಿ ನಮ್ಮ ಪ್ರಸಂಗಿಗಳಿಗಿಂತ ಜಾಣರು. ಕಾಣುವ, ಕಾಣದ ಎಲ್ಲವನ್ನೂ ಉಂಟುಮಾಡಿದ ದೇವರನ್ನು ನಂಬುತ್ತೇವೆ ಎಂದು ಅವರು ಸಾರಿದರು. ಹಾಗೆಂದ ಮೇಲೆ ಗಾಳಿ, ನ್ಯೂಟ್ರಿನೋ, ದೇವದೂತರು ಎಲ್ಲವೂ ಸೃಷ್ಟಿಯ ಸಾಲಿಗೇ ಸೇರಿದವು. ದೇವರು ಆ ಸಾಲಿನಲ್ಲಿ ಅಡಗಿ ಕುಳಿತ ಇನ್ನೊಂದು ವಸ್ತುವಲ್ಲ. ಕಾಣದ ವಸ್ತುಗಳ ಪಟ್ಟಿ ಎಷ್ಟೇ ಉದ್ದವಾದರೂ ಅವನಿದ್ದಾನೆ ಎಂಬುದು ಅದರಿಂದ ಸಾಬೀತಾಗದು.

ಹಾಗಾದರೆ ಪ್ರಕೃತಿಯಿಂದ ನನಗೆ ದಕ್ಕಿದ್ದೇನು ಎಂದರೆ, ನಮ್ಮಣ್ಣನ ಶೇಂಗಾ ಹೊಲದ ವಿಷಯ ಹೇಳಬೇಕು. ಚಳ್ಳಕೆರೆಯ ಶೇಂಗಾ ಎಣ್ಣೆ ನಿನಗೆ ಗೊತ್ತು, ಗಿಡವನ್ನು ನೀನು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಬಿತ್ತಿ ಸುಮಾರು ತಿಂಗಳಾಗುವಾಗ ಎಲೆಗಳ ಸಂದಿಯಲ್ಲಿ ಹಳದಿ ಹೂ ಬಿಡುತ್ತದೆ. ಬೆಳಿಗ್ಗೆ ಅರಳಿದ ಹೂ ಅದೇ ದಿನ ಬಾಡುತ್ತದೆ. ಕೆಲವು ದಿನ ಕಳೆದರೆ ಅದೇ ಜಾಗದಿಂದ ಸೂಜಿಯಂಥ ಕಡ್ಡಿಯೊಂದು ಹೊರಟು, ನೆಲದ ಕಡೆಗೆ ಬಾಗಿ, ಮಣ್ಣಿನೊಳಗೆ ಇಳಿಯುತ್ತದೆ. ಕಾಯಿ ಕಟ್ಟುವುದು ಆಮೇಲೆ, ಕತ್ತಲಲ್ಲಿ. ನೆಲ ಗಟ್ಟಿಯಾಗಿ ಒಳಗೆ ಹೋಗಲಾರದ ಸೂಜಿ ಬೆಳಕಿನಲ್ಲಿಯೇ ಒಣಗುತ್ತದೆ.

ಸೂಜಿ ಇಳಿದ ಮೇಲೆ ಅಣ್ಣ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆಯುವುದಿಲ್ಲ. ಕಳೆ ಕಂಡರೆ ಕೈಯಿಂದ ಕಿತ್ತುಹಾಕುತ್ತಾನೆ, ಮಣ್ಣು ಮಾತ್ರ ಕದಲಬಾರದು. ಅದಕ್ಕೆ ಮೊದಲೇ ಬುಡಕ್ಕೆ ಕ್ಯಾಲ್ಸಿಯಂ ಇರುವ ಜಿಪ್ಸಂ ಹಾಕಿ ಮಣ್ಣು ಏರಿಸಿರುತ್ತಾನೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಏರುತ್ತದೆ, ಅಲ್ಲಿಂದ ಕಾಯಿಗೆ ಇಳಿಯುವುದಿಲ್ಲ. ಮಣ್ಣಿನೊಳಗಿನ ಕಾಯಿ ತನ್ನ ಪಾಲನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಸಿಗದಿದ್ದರೆ ಸಿಪ್ಪೆ ದೊಡ್ಡದಾಗಿ ಒಳಗೆ ಜೊಳ್ಳು. ಆದ್ದರಿಂದ ಇನ್ನೂ ಹುಟ್ಟದ ಕಾಯಿಗಾಗಿ, ಅದು ಬರಲಿರುವ ಜಾಗಕ್ಕೆ ಅಣ್ಣ ಸಾಲದ ದುಡ್ಡಿನ ಜಿಪ್ಸಂ ಸುರಿಯುತ್ತಾನೆ. ಕಾಯಿ ಬರುತ್ತದೆ ಎಂದು ಹೇಗೆ ಗೊತ್ತು ಎಂದು ಕೇಳಿದೆ. "ಮಾಡಲು ಬೇರೆ ಕೆಲಸವಿಲ್ಲವೇ ನಿನಗೆ?" ಎಂದ.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ನನಗೆ ಹಿಡಿಸುವುದು ಈ ಕಾರಣಕ್ಕೇ. ನಿರೀಕ್ಷಿಸುವುದರ ಬಗ್ಗೆ ಭರವಸೆ, ಕಾಣದ್ದು ನಿಜವೆಂಬ ನಿಶ್ಚಯ, ಇದೇ ನಂಬಿಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಅದು ನೇರವಾಗಿ ಜನರ ಕಥೆಗೆ ಇಳಿಯುತ್ತದೆ. ಪ್ರಳಯ ಕಣ್ಣಿಗೆ ಬೀಳುವ ಮೊದಲೇ ನೋಹ ನಾವೆ ಕಟ್ಟಿದ. ಎಲ್ಲಿಗೆಂದು ತಿಳಿಯದೆಯೇ ಅಬ್ರಹಾಮ ಹೊರಟ. ಕಣ್ಣು ಮುಚ್ಚಿ ಕುಳಿತವರು ಆ ಪಟ್ಟಿಯಲ್ಲಿ ಒಬ್ಬರೂ ಇಲ್ಲ.

ಇಲ್ಲಿ ನೀನು ತಡೆಯುತ್ತೀಯ: ನಿಮ್ಮಣ್ಣ ಹಿಂದೆ ಬೆಳೆ ಕಂಡವನು, ನೀನು ಏನು ಕಂಡಿದ್ದೀಯ? ನ್ಯಾಯವಾದ ಪ್ರಶ್ನೆ. ನಾನು ಕಂಡಿಲ್ಲ, ಕಂಡವರ ಮಾತನ್ನು ನಂಬಿದ್ದೇನೆ. ಸತ್ತು ಎದ್ದ ಯೇಸುವಿನ ಗಾಯದ ಗುರುತನ್ನು ನೋಡದೆ, ಮುಟ್ಟದೆ ನಂಬುವುದಿಲ್ಲ ಎಂದು ಹಟ ಹಿಡಿದ ಶಿಷ್ಯ ತೋಮ ನಿನ್ನ ಪಂಗಡದವನು. ಯೇಸು ಅವನನ್ನು ಹೊರಗೆ ಹಾಕಲಿಲ್ಲ, ಬೆರಳು ಚಾಚು ಎಂದನು. ನೋಡದೆ ನಂಬಿದವರು ಧನ್ಯರು ಎಂಬ ಮಾತು ಬಂದದ್ದು ಅದಾದ ಮೇಲೆ. ನಮ್ಮ ನಂಬಿಕೆ ನಿಂತಿರುವುದು ಇಂಥವರ ಸಾಕ್ಷ್ಯದ ಮೇಲೆ. ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಹಕ್ಕು ನಿನಗೆ ಖಂಡಿತ ಇದೆ. ಆದರೆ ಅದು ಪ್ರಯೋಗಾಲಯದಲ್ಲಿ ಆಗುವ ಕೆಲಸವಲ್ಲ, ನ್ಯಾಯಾಲಯದ ರೀತಿಯದು. ಉಪಕರಣ ಎಲ್ಲಿ ಎಂಬ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಮಳೆ ಕೈಕೊಟ್ಟ ವರ್ಷಗಳ ಮಾತು? ಅದನ್ನು ಮುಚ್ಚಿಡಲಾರೆ. ಜಿಪ್ಸಂ ಹಾಕಿದ ಹೊಲದಲ್ಲೂ ಗಿಡ ಕಿತ್ತರೆ ಜೊಳ್ಳು ಬಂದದ್ದುಂಟು. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟನ್ನೇ ನೋಡು. 1933ರಲ್ಲಿ ಕೋಡಿ ಬಿದ್ದ ಅಲ್ಲಿನ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ನೋಡಬೇಕೆಂದು ಆಸೆಪಟ್ಟು, ನೋಡದೆಯೇ ಕಣ್ಮುಚ್ಚಿದ ಹಿರಿಯೂರಿನವರು ಎಷ್ಟು ಮಂದಿಯೋ. ನಾನು ಹೇಳಿದ ಅಧ್ಯಾಯದಲ್ಲೂ ಅಂಥ ಮಾತೇ ಇದೆ: ಇವರೆಲ್ಲ ವಾಗ್ದಾನದ ಫಲಗಳನ್ನು ಹೊಂದದೆ, ದೂರದಿಂದ ನೋಡಿ, ನಂಬಿಕೆಯಲ್ಲಿಯೇ ಸತ್ತರು. ನಂಬಿದರೆ ಸಾಕು, ಕೇಳಿದ್ದೆಲ್ಲ ಕೈಗೆ ಬರುತ್ತದೆ ಎಂದು ಮೈಕಿನಲ್ಲಿ ಕೂಗುವ ಬೋಧಕರು ಈ ವಾಕ್ಯಕ್ಕೆ ಬಂದಾಗ ಏಕೋ ಪುಟ ತಿರುಗಿಸುತ್ತಾರೆ. ನಾನು ಮಾತ್ರ ಅದನ್ನು ಓದಿಕೊಂಡೇ ನಂಬುತ್ತೇನೆ.

ದಸರಾ ರಜೆಗೆ ಇತ್ತ ಬಾ. ಗಿಡ ಕೀಳಲು ಆಳು ಸಿಗುತ್ತಿಲ್ಲವೆಂದು ಅಣ್ಣ ಪೇಚಾಡುತ್ತಿದ್ದಾನೆ. ಸಾಲು ಹಿಡಿದು ಕೀಳುತ್ತಲೇ ಸಾಕ್ಷಿಗಳ ವಿಚಾರಣೆ ನಡೆಸೋಣ, ನೀನೇ ವಕೀಲನಾಗು. ದಾವಣಗೆರೆಯ ಮಂಡಕ್ಕಿ ಮರೆಯದೆ ತಾ, ಹಸಿ ಶೇಂಗಾ ನಮ್ಮ ಖರ್ಚು.

ಇಂತಿ ನಿನ್ನ,
ಚಳ್ಳಕೆರೆಯ ಗೆಳೆಯ